ಬೀರು ತುಂಬ ಬಟ್ಟೆ, ಹಾಕುವುದು ಮಾತ್ರ ಅದೇ ಆರು

ಮಂಡ್ಯ_ಮೆಮು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ನನಗೆ 31 ವರ್ಷ. ಮನೆ ಮಂಡ್ಯ, ಕೆಲಸ ಮೈಸೂರಿನ ಒಂದು ಆಡಿಟ್ ಆಫೀಸಿನಲ್ಲಿ. ದಿನಾ ಟ್ರೈನು. ಬೆಳಿಗ್ಗೆ ನಿಂತೇ ಹೋಗುವುದು. ಸಂಜೆ ಅದೃಷ್ಟ ಇದ್ದರೆ ಸೀಟು, ಇಲ್ಲದಿದ್ದರೆ ಬಾಗಿಲ ಹತ್ತಿರ ಪೇಪರ್ ಹಾಸಿಕೊಂಡು ಕೂರುವುದು. ಕಳೆದ ಭಾನುವಾರ ಬೀರು ಬಾಗಿಲು ತೆಗೆದರೆ ಮೇಲಿನ ಅರೆಯಿಂದ ಬಟ್ಟೆ ಜಾರಿ ಕಾಲ ಮೇಲೆ ಬಿತ್ತು. ಸಿಟ್ಟಿಗೆ ಎಲ್ಲವನ್ನೂ ಮಂಚದ ಮೇಲೆ ಸುರಿದು ಎಣಿಸಿದೆ. 37 ಟಾಪು! ಪ್ಯಾಂಟು, ಲೆಗ್ಗಿನ್ಸ್, ವೇಲು ಬೇರೆ. ಅದರಲ್ಲಿ ನಾನು ನಿಜವಾಗಿ ಹಾಕುವುದು ಆರು. ಒಗೆದು, ಒಣಗಿಸಿ, ಮತ್ತೆ ಅದೇ ಆರು. ಉಳಿದದ್ದು 31, ಅಂದರೆ ವರ್ಷಕ್ಕೊಂದರಂತೆ ನನ್ನ ವಯಸ್ಸಿನಷ್ಟು ಬಟ್ಟೆ ಸುಮ್ನೆ ಕೂತಿದೆ.

ಆಫರ್ ಇತ್ತು ಅಂತ ತಂದದ್ದಿದೆ, ಆಷಾಢದ ಡಿಸ್ಕೌಂಟಿನಲ್ಲಿ ತಂದದ್ದಿದೆ, ಅತ್ತಿಗೆಗೆ ಚೆನ್ನಾಗಿ ಕಂಡಿತು ಅಂತ ನಾನೂ ತಂದದ್ದಿದೆ. ಹೋದ ವರ್ಷ ಮೊಬೈಲಿನಲ್ಲಿ 'ನಿಮ್ಮ ಸ್ಟೈಲ್ ಯಾವುದು ಕಂಡುಕೊಳ್ಳಿ' ಅಂತ ಒಂದು ಬಂತು. ಹತ್ತು ಪ್ರಶ್ನೆಗೆ ಉತ್ತರ ಕೊಟ್ಟೆ. 'ನೀವು ಮಿನಿಮಲ್' ಅಂದಿತು. ಸರಿ, ನಾನು ಮಿನಿಮಲ್ ಅಂದುಕೊಂಡು ಒಂದೇ ಸಲಕ್ಕೆ ನಾಲ್ಕು ಬಿಸ್ಕತ್ ಬಣ್ಣದ ಟಾಪು ತರಿಸಿದೆ. ಮೊದಲನೇ ದಿನ ಹಾಕಿಕೊಂಡು ಅಡುಗೆಮನೆಗೆ ಹೋದರೆ ಅಮ್ಮ ಹಣೆ ಮುಟ್ಟಿ ನೋಡಿ "ಯಾಕೇ, ಹುಷಾರಿಲ್ವಾ?" ಅಂದರು.

ಇನ್ನೊಂದು ವಿಷಯ ಹೇಳಲೋ ಬೇಡವೋ ಅಂತಿದ್ದೆ. ಮೂರು ತಿಂಗಳ ಹಿಂದೆ ಲೆಕ್ಕ ನೋಡಲು ಒಂದು ಅಂಗಡಿಗೆ ಹೋಗಿದ್ದೆವು. ನಾನು, ನನ್ನ ಕೆಳಗೆ ಕೆಲಸ ಕಲಿಯುತ್ತಿರುವ ಹುಡುಗ. ಮಾಲೀಕರು ಫೈಲೆಲ್ಲ ಹುಡುಗನ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ "ನೀವು ಕಾಫಿ ಕುಡೀತೀರಾಮ್ಮ?" ಅಂದರು. ಅವತ್ತು ನಾನು ಹಾಕಿದ್ದು ಮಿಂಚಿನ ಕೆಲಸದ ಗುಲಾಬಿ ಟಾಪು. ಮನೆಗೆ ಬಂದು ಅದನ್ನು ಮೂಲೆಗೆ ಎಸೆದವಳು ಇವತ್ತಿಗೂ ಮುಟ್ಟಿಲ್ಲ.

ಪ್ರಶ್ನೆ ಎರಡು. ನನ್ನದು ಅನ್ನುವಂಥ ಸ್ಟೈಲ್ ಅನ್ನು ಎಲ್ಲಿಂದ ಶುರು ಮಾಡಿ ಕಂಡುಕೊಳ್ಳುವುದು? ಎರಡನೆಯದು, ಅಮ್ಮನ ಮದುವೆಯ ಮೈಸೂರು ಸಿಲ್ಕ್ ಇದೆ. 1989ರದ್ದು, ಗಿಳಿ ಹಸಿರು, ಜರಿ ಅಂಚು. "ನೀನೇನು ಸೀರೆ ಉಡ್ತೀಯಾ, ಕತ್ತರಿಸಿ ಚೂಡಿದಾರ್ ಹೊಲಿಸ್ಕೋ" ಅನ್ನುತ್ತಿದ್ದಾರೆ. ಹೊಲಿಸಲಾ? ಕೈ ಬರುತ್ತಿಲ್ಲ.

ಒಂಟಿಕೊಪ್ಪಲ್_ಟೀಚರ್:

ಮೊದಲು ಒಂದು ಮಾತು ಹೇಳಿಬಿಡುತ್ತೇನಮ್ಮ. ಆ 31 ಟಾಪು ಬಿಡು. ಅವು ಯಾಕೆ ಬೇಡವಾದವು ಅಂತ ತಲೆ ಕೆಡಿಸಿಕೊಂಡರೆ ವರ್ಷ ಕಳೆಯುತ್ತದೆ. ಆ ಆರು ಯಾವುವು, ಅದನ್ನು ಹೇಳು. ಎಲ್ಲರೂ ಕಸವನ್ನೇ ಕೆದಕುತ್ತಾರೆ, ಇಷ್ಟವಾದದ್ದನ್ನು ಯಾರೂ ತಿರುಗಿಸಿ ನೋಡುವುದಿಲ್ಲ.

ನಾನು ಇದನ್ನು ಮಾಡಿ ನೋಡಿದವಳು. ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ, ದಿನಾ ಸೀರೆ. ಐದು ವರ್ಷದ ಹಿಂದೆ ನನಗೂ ಇದೇ ರಗಳೆ. ಗೋಡೆ ಮೇಲೆ ಕ್ಯಾಲೆಂಡರ್ ಇತ್ತಲ್ಲ, ಅದರ ಆಯಾ ದಿನದ ಮನೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದೆ. ಬೆಳಿಗ್ಗೆ ಏನು ಉಟ್ಟೆ, ಸಂಜೆ ಹೇಗನ್ನಿಸಿತು. ಸಂಜೆಗೆ ಒಂದೇ ಪದ. ಹಗುರ, ಕಿರಿಕಿರಿ, ಸೆಕೆ, ಸೊಗಸು, ಹೀಗೆ. ಒಂದೂವರೆ ತಿಂಗಳು ಬರೆದೆ. ಪಂಚಾಂಗಕ್ಕೆ ಹೆಸರಾದ ಊರು ನಮ್ಮದು, ರಾಹುಕಾಲದ ಪಕ್ಕದಲ್ಲಿ 'ಕಿರಿಕಿರಿ' ಅಂತ ಬರೆದಿದ್ದನ್ನು ನೋಡಿ ಮನೆಯವರು ಹೆದರಿದ್ದರು.

ಕೊನೆಗೆ ಏನು ಗೊತ್ತಾಯಿತು ಅಂದರೆ, ನನಗೆ ದೊಡ್ಡ ಅಂಚಿನ ಸೀರೆ ಬಹಳ ಇಷ್ಟ, ಆದರೆ ಬೇರೆಯವರು ಉಟ್ಟಾಗ! ನಾನು ಉಟ್ಟ ದಿನವೆಲ್ಲ 'ಕಿರಿಕಿರಿ'. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಸೆರಗಿನ ಅಂಚು ಭಾರಕ್ಕೆ ಜಾರುತ್ತದೆ, ಸೀಮೆಸುಣ್ಣದ ಪುಡಿ ಜರಿಯೊಳಗೆ ಕೂರುತ್ತದೆ. 'ಸೊಗಸು' ಬಂದ ದಿನಗಳೆಲ್ಲ ಸಣ್ಣ ಅಂಚು, ಗಾಢ ಬಣ್ಣ, ಮೈಗೆ ಅಂಟದ ಹತ್ತಿ. ಆಮೇಲೆ ಅಂಗಡಿಯಲ್ಲಿ ಕೂತಾಗ ನನ್ನ ಮುಂದೆ ಹತ್ತು ಸೀರೆ ಬಿಚ್ಚಿದರೆ ಎಂಟಕ್ಕೆ ಬೇಡ ಅನ್ನುವುದು ಸಲೀಸಾಯಿತು. ಮಾರುವ ಹುಡುಗಿಗೂ ಖುಷಿ, ಮಡಿಸುವ ಕೆಲಸ ಕಡಿಮೆ.

ನೋಡಲು ಇಷ್ಟವಾಗುವುದು ಒಂದು, ಹಾಕಿಕೊಂಡು ದಿನ ಕಳೆಯಲು ಇಷ್ಟವಾಗುವುದು ಇನ್ನೊಂದು. ಮೊಬೈಲಿನ ಹತ್ತು ಪ್ರಶ್ನೆ ಕೇಳುವುದು ಮೊದಲನೆಯದನ್ನು ಮಾತ್ರ.

ಸೀರೆ ಕತ್ತರಿಸಬೇಡ. ಅಷ್ಟೇ.

ಕಬ್ಬಿನ_ಜಲ್ಲೆ:

ಅಕ್ಕ, ನೀವು ಗಂಡಸರ ಕಷ್ಟ ನೋಡಿಲ್ಲ. ನಮ್ಮ ಕಡೆ ಬಿಳಿ ಶರ್ಟು ಹಾಕಿದರೆ "ಎಲೆಕ್ಷನ್‌ಗೆ ನಿಲ್ತೀಯೇನ್ಲಾ" ಅಂತಾರೆ, ಬಣ್ಣದ್ದು ಹಾಕಿದರೆ "ಹೆಣ್ಣು ನೋಡಕ್ಕೆ ಹೊಂಟ" ಅಂತಾರೆ. ನಾನು ಕಾಲೇಜಿನಿಂದ ಇಲ್ಲಿಯವರೆಗೆ ಚೆಕ್ಸ್ ಶರ್ಟಿನಲ್ಲೇ ಜೀವನ ತಳ್ಳಿದವನು.

ತಮಾಷೆ ಪಕ್ಕಕ್ಕೆ. ನಮ್ಮಪ್ಪನಷ್ಟು ಸ್ಟೈಲ್ ಇರುವ ಮನುಷ್ಯನನ್ನು ನಾನು ನೋಡಿಲ್ಲ. ಇರುವುದು ನಾಲ್ಕು ಬಿಳಿ ಅರ್ಧ ತೋಳಿನ ಶರ್ಟು, ನಾಲ್ಕು ಪಂಚೆ. ಶರ್ಟಿಗೆ ಜೇಬು ಎರಡು ಇರಲೇಬೇಕು. ಎಡಕ್ಕೆ ಕನ್ನಡಕ, ಬಲಕ್ಕೆ ಎಲೆ ಅಡಿಕೆ. ಗದ್ದೆಗೆ ಹೋಗುವಾಗ ಪಂಚೆ ಮೇಲಕ್ಕೆ, ಬ್ಯಾಂಕಿಗೆ ಹೋಗುವಾಗ ಕೆಳಕ್ಕೆ. ಮದುವೆಗೆ ಮಾತ್ರ ಮೇಲುಕೋಟೆ ಪಂಚೆ. ದೂರದಿಂದ ಏರಿ ಮೇಲೆ ಬರುತ್ತಿದ್ದರೆ ಮುಖ ಕಾಣುವ ಮೊದಲೇ ಅಪ್ಪ ಅಂತ ಗೊತ್ತಾಗುತ್ತದೆ. ನಾನು ಹೋದ ಸಲ ಇಂಟರ್‌ವ್ಯೂಗೆ ಅಂತ ಕೋಟು ತಗೊಂಡೆ, ಅದರಲ್ಲಿ ನನ್ನನ್ನು ನೋಡಿ ನಮ್ಮ ನಾಯಿಯೇ ಬೊಗಳಿತು.

ಸುಮ್ನಿರದವಳು:

ಒಂದು ವಿಷಯಕ್ಕೆ ನನ್ನ ತಕರಾರಿದೆ. ಆ ಅಂಗಡಿ ಮಾಲೀಕರು ಫೈಲನ್ನು ಹುಡುಗನ ಕೈಗೆ ಕೊಟ್ಟದ್ದು ನಿಮ್ಮ ಗುಲಾಬಿ ಟಾಪಿನಿಂದ ಅಲ್ಲ. ನೀವು ಕಪ್ಪು ಕೋಟು ಹಾಕಿ ಹೋಗಿದ್ದರೂ ಕೊಡುತ್ತಿದ್ದರು. ನಾನು ಸೈಟ್ ಎಂಜಿನಿಯರ್. ಹೆಲ್ಮೆಟ್, ಶೂ, ಜಾಕೆಟ್ ಎಲ್ಲ ಹಾಕಿ ನಿಂತಿದ್ದರೂ ಸಿಮೆಂಟ್ ಲಾರಿಯವನು "ಸಾರ್ ಎಲ್ಲಿ" ಅಂತ ಕೇಳುತ್ತಾನೆ. ಅವರ ತಪ್ಪನ್ನು ಪಾಪದ ಬಟ್ಟೆ ಮೇಲೆ ಹಾಕಿ ಬೀರು ಬದಲಾಯಿಸಲು ಹೊರಟರೆ ದುಡ್ಡು ಹೋಗುತ್ತದೆ, ಮಾಲೀಕರು ಹಾಗೇ ಇರುತ್ತಾರೆ.

ಮಿಂಚು ನಿಮಗೆ ಇಷ್ಟವಾ ಇಲ್ಲವಾ, ಅದು ಬೇರೆ ಪ್ರಶ್ನೆ. ಇಷ್ಟ ಇದ್ದರೆ ಮೂಲೆಯಿಂದ ತೆಗೆದು ಹಾಕಿಕೊಳ್ಳಿ.

ಮಂಡ್ಯ_ಮೆಮು:

@ಸುಮ್ನಿರದವಳು, ಎರಡು ಸಲ ಓದಿದೆ ನಿಮ್ಮದನ್ನು. ಹೌದು. ಆದರೆ ನಿಜ ಹೇಳಬೇಕೆಂದರೆ ಆ ಗುಲಾಬಿಯದು ನನಗೆ ಅವತ್ತಿಗೂ ಮೊದಲೇ ಇಷ್ಟ ಇರಲಿಲ್ಲ. ಕುತ್ತಿಗೆ ಹತ್ತಿರ ಮಿಂಚು ಚುಚ್ಚುತ್ತದೆ. ನಾದಿನಿ ಕೊಟ್ಟಿದ್ದಳು ಅಂತ ಹಾಕಿದ್ದು.

ಟೀಚರ್, ನೀವು ಹೇಳಿದ ಹಾಗೆ ಆ ಆರನ್ನು ಸಾಲಾಗಿ ಹಾಸಿ ನೋಡಿದೆ. ಮೊದಲನೆಯದು ನೀಲಿ ಕುರ್ತಾ, ನಾಲ್ಕು ವರ್ಷದ ಹಿಂದೆ ದಸರಾ ವಸ್ತುಪ್ರದರ್ಶನದಲ್ಲಿ ತಗೊಂಡದ್ದು. ಗಾಢ ನೀಲಿ ಇದ್ದದ್ದು ಈಗ ಮೊಣಕೈ ಹತ್ತಿರ, ಹೊಟ್ಟೆ ಮೇಲೆ ಬ್ಯಾಗು ಉಜ್ಜುವ ಕಡೆ ಬೂದಿ ನೀಲಿ ಆಗಿದೆ. ಕೊರಳ ಪಟ್ಟಿಯ ಹಿಂದುಗಡೆ ದಾರ ಎದ್ದು ಹತ್ತಿಯ ನೂಲು ಮೀಸೆಯ ಹಾಗೆ ನಿಂತಿದೆ. ಬಲಗಡೆ ಜೇಬು. ಆ ಜೇಬಿನ ಬಾಯಿಯನ್ನು ನಾನೇ ಎರಡು ಸಲ ಹೊಲಿದಿದ್ದೇನೆ, ಒಂದು ಸಲ ಕಪ್ಪು ದಾರ, ಇನ್ನೊಂದು ಸಲ ಕೈಗೆ ಸಿಕ್ಕ ಹಸಿರು ದಾರ. ಟ್ರೈನಿನ ಪಾಸು ಅಲ್ಲೇ ಇರುವುದು.

ಉಳಿದ ಐದನ್ನು ನೋಡಿದರೆ ಒಂದಕ್ಕೊಂದು ಸಂಬಂಧ ಇಲ್ಲ ಅಂದುಕೊಂಡಿದ್ದೆ. ಒಂದು ಮರೂನ್, ಒಂದು ಕಡು ಹಸಿರು, ಒಂದು ಕಪ್ಪಿನ ಮೇಲೆ ಸಣ್ಣ ಚುಕ್ಕಿ, ಎರಡು ನೀಲಿ. ಆದರೆ ಪಕ್ಕಪಕ್ಕದಲ್ಲಿ ಇಟ್ಟಾಗ ಒಂದೇ ಮನೆಯ ಮಕ್ಕಳ ಹಾಗಿವೆ! ಆರೂ ಕಾಟನ್. ಆರಕ್ಕೂ ಮುಕ್ಕಾಲು ತೋಳು. ಐದಕ್ಕೆ ಜೇಬು. ಉದ್ದ ಮೊಣಕಾಲಿಗಿಂತ ಒಂಚೂರು ಕೆಳಗೆ, ಅಂದರೆ ಟ್ರೈನಿನ ನೆಲದ ಮೇಲೆ ಕೂತರೂ ಎಳೆದುಕೊಳ್ಳುವ ಹಾಗಿಲ್ಲ. ಯಾವುದಕ್ಕೂ ವೇಲ್ ಬೇಕಿಲ್ಲ. ಬಿಸ್ಕತ್ ಬಣ್ಣದ ಸುಳಿವೇ ಇಲ್ಲ.

ನಾಲ್ಕು ವರ್ಷದಿಂದ ಇದನ್ನೇ ಹಾಕುತ್ತಾ ನನಗೆ ಸ್ಟೈಲ್ ಇಲ್ಲ ಅಂತ ಅಳುತ್ತಿದ್ದೆ ನೋಡಿ.

ಆದರೂ ಒಂದು ಗೊತ್ತಾಗುತ್ತಿಲ್ಲ. ಹಾಕದೇ ಇಟ್ಟದ್ದರಲ್ಲಿಯೂ ಕಾಟನ್, ಮುಕ್ಕಾಲು ತೋಳು, ಗಾಢ ಬಣ್ಣದ್ದು ಏಳೆಂಟಿವೆ. ಅವು ಯಾಕೆ ಹಿಡಿಸುವುದಿಲ್ಲ?

ಕತ್ತರಿ_ಕಾಜಾ:

ನಾನು ಮಂಡ್ಯದಲ್ಲಿ 22 ವರ್ಷದಿಂದ ಲೇಡೀಸ್ ಟೈಲರ್. ಈ ಕೊನೆಯ ಪ್ರಶ್ನೆಗೆ ನಾನು ಹೇಳಬಹುದು. ಬಟ್ಟೆ ಸರಿ ಇದೆ, ಕಟಿಂಗ್ ಸರಿ ಇಲ್ಲ.

ಹಾಕದ ಕಾಟನ್ ಟಾಪು ಹಾಕಿಕೊಂಡು ಟ್ರೈನಿನಲ್ಲಿ ಕಂಬಿ ಹಿಡಿಯುವ ಹಾಗೆ ಒಂದು ಕೈ ಮೇಲೆತ್ತಿ. ಇಡೀ ಟಾಪು ಸೊಂಟದಿಂದ ಮೇಲಕ್ಕೆ ಬಂತಾ? ಹಾಗಾದರೆ ಟಾಪಿನ ಕಂಕುಳ, ಅಂದರೆ ತೋಳು ಸೇರಿಸುವ ತೂತು, ತುಂಬ ಕೆಳಗಿದೆ. ರೆಡಿಮೇಡ್‌ನಲ್ಲಿ ಎಲ್ಲರಿಗೂ ಹಿಡಿಸಲಿ ಅಂತ ಕಂಕುಳವನ್ನು ಕೆಳಗೆ ಇಳಿಸಿ ದೊಡ್ಡದು ಮಾಡಿರುತ್ತಾರೆ. ಜನ ಅಂದುಕೊಳ್ಳುವುದು ಸಡಿಲ ಇದ್ದರೆ ಆರಾಮ ಅಂತ. ಉಲ್ಟಾ. ಕಂಕುಳ ಮೈಗೆ ಹತ್ತಿರ ಇದ್ದಷ್ಟೂ ಕೈ ಎತ್ತಿದಾಗ ತೋಳು ಮಾತ್ರ ಏಳುತ್ತದೆ, ಒಡಲು ನಿಂತಲ್ಲೇ ನಿಲ್ಲುತ್ತದೆ. ನಿಮ್ಮ ನೀಲಿ ಕುರ್ತಾ ನೋಡಿ, ಕಂಕುಳ ಮೇಲಿರುತ್ತದೆ. ಬೆಟ್ ಕಟ್ಟುತ್ತೇನೆ.

ಎರಡನೆಯದು ಭುಜ. ತೋಳು ಸೇರುವ ಹೊಲಿಗೆ ಭುಜದ ಮೂಳೆಯ ತುದಿಗೆ ಬರಬೇಕು. ತೋಳಿನ ಮೇಲೆ ಜಾರಿ ಕೂತಿದ್ದರೆ ಎಷ್ಟೇ ದುಡ್ಡಿನ ಬಟ್ಟೆಯಾದರೂ ಇನ್ಯಾರದ್ದೋ ಎರವಲು ತಂದ ಹಾಗೆ ಕಾಣುತ್ತದೆ. ಅದನ್ನು ಸರಿ ಮಾಡಲು ತೋಳು ಬಿಚ್ಚಿ ಮತ್ತೆ ಕಟ್ ಮಾಡಬೇಕು, ಹೊಸದು ಹೊಲಿದಷ್ಟೇ ಕೆಲಸ. ಸೈಡ್ ಹಿಡಿಸುವುದು, ಉದ್ದ ಕಡಿಮೆ ಮಾಡುವುದು, ತೋಳು ಗಿಡ್ಡ ಮಾಡುವುದು ಸುಲಭ. ಆದ್ದರಿಂದ ಏಳೆಂಟರಲ್ಲಿ ಭುಜ ಸರಿ ಇರುವುದನ್ನು ಇಟ್ಟುಕೊಳ್ಳಿ, ಭುಜ ಜಾರಿದ್ದನ್ನು ಕೊಟ್ಟುಬಿಡಿ. ಕರುಣೆ ಬೇಡ.

ಹೊಸದು ಹೊಲಿಸುವುದಾದರೆ ನೀಲಿ ಕುರ್ತಾವನ್ನೇ ಅಳತೆಗೆ ಕೊಡಿ. ಟೇಪು ಹಿಡಿದು ಮೈ ಅಳತೆ ತಗೊಂಡರೆ ನಾವು ಹೊಲಿಯುವುದು ನಮ್ಮ ಕೈಯ ಅಭ್ಯಾಸದ ಕಟಿಂಗ್, ಅಳತೆ ಬಟ್ಟೆ ಕೊಟ್ಟರೆ ಆ ಬಟ್ಟೆಯ ಕಟಿಂಗ್. 44 ಇಂಚು ಅಗಲದ ಬಟ್ಟೆಯಾದರೆ ಎರಡೂವರೆ ಮೀಟರ್ ತನ್ನಿ. ತಂದ ತಕ್ಷಣ ನನಗೆ ಕೊಡಬೇಡಿ! ರಾತ್ರಿ ನೀರಿನಲ್ಲಿ ನೆನೆಹಾಕಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಆಮೇಲೆ ತನ್ನಿ. ಹೊಸ ಕಾಟನ್ ನೂರಕ್ಕೆ ಐದರಷ್ಟು ಕುಗ್ಗಿತು ಅಂದರೆ 42 ಇಂಚಿನ ಕುರ್ತಾ ಎರಡು ಇಂಚು ಗಿಡ್ಡ, ಆಮೇಲೆ "ಟೈಲರ್ ಬಟ್ಟೆ ಕದ್ದ" ಅಂತ ನಮ್ಮ ಮೇಲೆ ಬರುತ್ತೀರಿ. ಸೈಡಿನಲ್ಲಿ ಒಂದು ಇಂಚು ಮಾರ್ಜಿನ್ ಬಿಡಲು ಹೇಳಿ. ಕಾಟನ್ ಅಂತ ಹೇಳಿ ಪಾಲಿಯೆಸ್ಟರ್ ಬೆರೆಸಿದ್ದನ್ನು ಕೊಡುವವರೂ ಇದ್ದಾರೆ. ಅಂಚಿನಿಂದ ಎರಡು ನೂಲು ಎಳೆದು ಬೆಂಕಿ ತಾಗಿಸಿ. ಹತ್ತಿ ಪೇಪರಿನಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ.

ಜೇಬಿನ ಬಗ್ಗೆ ಇನ್ನೊಂದು. ಅದು ಸೈಡ್ ಹೊಲಿಗೆಯಲ್ಲಿ ಬರುವುದರಿಂದ ಸೈಡ್ ಓಪನ್ ಸೊಂಟದಿಂದಲೇ ಶುರುವಾದರೆ ಜೇಬಿಗೆ ಜಾಗವೇ ಇಲ್ಲ. ಓಪನ್ ಕೆಳಗೆ ಇಳಿಸಿ ಅಂತ ಮೊದಲೇ ಹೇಳಿ. ಆಳ ಮಣಿಕಟ್ಟಿನವರೆಗೆ ಕೈ ಮುಳುಗುವಷ್ಟು ಇರಬೇಕು. ಹೆಂಗಸರ ಬಟ್ಟೆಗೆ ಜೇಬು ಅಂದರೆ ನಮ್ಮವರು ನಾಲ್ಕಾಣೆ ಇಡುವಷ್ಟು ಇಟ್ಟು ಕೈ ತೊಳೆದುಕೊಳ್ಳುತ್ತಾರೆ.

ಈಗ ಸೀರೆ. ಟೀಚರ್ ಅಮ್ಮ ಹೇಳಿದ್ದಕ್ಕೆ ಅರ್ಧ ಒಪ್ಪುತ್ತೇನೆ. ಕತ್ತರಿ ಹಾಕುವ ಮೊದಲು ಸೀರೆಯನ್ನು ಪೂರ್ತಿ ಬಿಚ್ಚಿ ಬೆಳಕಿಗೆ ಹಿಡಿಯಿರಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಆ ಮಡಿಕೆಯಲ್ಲೇ ಬಿರಿಯುತ್ತದೆ. ಮಡಿಕೆ ಗೆರೆಯ ಎರಡೂ ಪಕ್ಕ ಬೆರಳಿಟ್ಟು ಮೆಲ್ಲಗೆ ಎಳೆಯಿರಿ. ನೂಲು ಬಿಟ್ಟುಕೊಂಡರೆ ಆ ಸೀರೆ ಉಡಲು ತಡೆಯುವುದಿಲ್ಲ, ಆಗ ಬಿರಿಯದ ಭಾಗವನ್ನು ಒಳಗೆ ಕಾಟನ್ ಲೈನಿಂಗ್ ಕೊಟ್ಟು ಹೊಲಿಯಬಹುದು. ಎಳೆದರೂ ಗಟ್ಟಿಯಾಗಿ ನಿಂತರೆ ದಯವಿಟ್ಟು ಕತ್ತರಿಸಬೇಡಿ. ಮೈಸೂರು ಸಿಲ್ಕ್ ಕ್ರೇಪ್, ನೂಲನ್ನೇ ಗಟ್ಟಿಯಾಗಿ ಹುರಿ ಮಾಡಿ ನೇಯ್ದದ್ದು. ಮೈಮೇಲೆ ನೀರಿನಂತೆ ಇಳಿಯುತ್ತದೆ, ಟೇಬಲ್ ಮೇಲೆ ಹಾವಿನಂತೆ ಜಾರುತ್ತದೆ. ಕೆಳಗೆ ಪೇಪರ್ ಹಾಸದೆ, ಪಿನ್ ಹಾಕದೆ ಕತ್ತರಿಸಿದರೆ ಕಟಿಂಗ್ ಸೊಟ್ಟ. ಆ ಕೆಲಸ ಬಾರದವರ ಕೈಗೆ ಕೊಟ್ಟರೆ ಸೀರೆಯೂ ಇಲ್ಲ, ಚೂಡಿದಾರವೂ ಇಲ್ಲ.

ಒಂಟಿಕೊಪ್ಪಲ್_ಟೀಚರ್:

ಟೈಲರ್ ಅಣ್ಣ, ಅರ್ಧ ಒಪ್ಪಿದ್ದೇ ದೊಡ್ಡದು. ಸೀರೆ ಬಗ್ಗೆ ಇನ್ನೆರಡು ಮಾತು. ಮೈಸೂರು ಸಿಲ್ಕ್ ನೇಯುವ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು. ಅಲ್ಲಿಯ ಸೀರೆಯ ಜರಿಯಲ್ಲಿ ನೂರಕ್ಕೆ 65 ಭಾಗ ಬೆಳ್ಳಿ, 0.65 ಭಾಗ ಚಿನ್ನ. ಬೀದಿಯಲ್ಲಿ "ಹಳೇ ಜರಿ ಸೀರೆ ಇದ್ಯಾ" ಅಂತ ಕೂಗಿಕೊಂಡು ಬರುವವರು ಸುಮ್ಮನೆ ಬರುವುದಿಲ್ಲ. ಮೆಮು, ನಿನ್ನ ಅಮ್ಮನಿಗೆ ಹೇಳಿಡು, ಆ ಕೂಗುವವರ ಕೈಗೆ ಸೀರೆ ಕೊಟ್ಟುಬಿಟ್ಟಾರು. ನುಸಿ ಗುಳಿಗೆಯನ್ನು ಜರಿಗೆ ತಾಗುವಂತೆ ಇಡಬೇಡ, ಕಪ್ಪಾಗುತ್ತದೆ. ಹಳೆಯ ಕಾಟನ್ ಪಂಚೆಯಲ್ಲಿ ಸುತ್ತಿಡು, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸು.

ಕಬ್ಬಿನ_ಜಲ್ಲೆ:

ಟೈಲರಣ್ಣ, ಕಂಕುಳ ಪಾಠ ಗಂಡಸರ ಶರ್ಟಿಗೂ ಆಗುತ್ತದಾ? ನಾನು ಕೈ ಎತ್ತಿದರೆ ಶರ್ಟು ಇನ್ ಮಾಡಿದ್ದೆಲ್ಲ ಆಚೆ ಬರುತ್ತದೆ. ಇಷ್ಟು ದಿನ ಹೊಟ್ಟೆಯದ್ದೇ ತಪ್ಪು ಅಂದುಕೊಂಡಿದ್ದೆ.

ಕತ್ತರಿ_ಕಾಜಾ:

ಆಗುತ್ತದೆ. ಹೊಟ್ಟೆಯದ್ದೂ ಸ್ವಲ್ಪ ಇರಬಹುದು.

ಮಂಡ್ಯ_ಮೆಮು (ಐದು ವಾರದ ನಂತರ):

ಏನಾಯಿತು ಅಂತ ಬಂದು ಹೇಳುವುದು ತಡವಾಯಿತು. ಕ್ಯಾಲೆಂಡರಿನಲ್ಲಿ ಬರೆದೆ. ನನಗೆ ಜಾಸ್ತಿ ಬಂದ ಪದ 'ಮರೆತೆ'. ಅಂದರೆ ಬೆಳಿಗ್ಗೆ ಹಾಕಿಕೊಂಡ ಮೇಲೆ ಸಂಜೆಯವರೆಗೆ ಬಟ್ಟೆಯ ನೆನಪೇ ಬರಲಿಲ್ಲ ಅಂತ. ನನಗೆ ಬೇಕಿದ್ದದ್ದು ಅದೇ ಅನ್ನಿಸುತ್ತದೆ, ಅದಕ್ಕೆ ಮೊಬೈಲಿನಲ್ಲಿ ಏನು ಹೆಸರಿದೆಯೋ.

ಕೈ ಎತ್ತಿ ನೋಡುವುದನ್ನು ಕನ್ನಡಿ ಮುಂದೆ ಮಾಡಿದೆ, 37ಕ್ಕೂ. ಅಮ್ಮ ವ್ಯಾಯಾಮ ಅಂದುಕೊಂಡರು. 21 ಹೊರಗೆ ಹೋದವು, ಗುಲಾಬಿಯದು ಸೇರಿ. ನಾದಿನಿಗೆ ಇನ್ನೂ ಗೊತ್ತಿಲ್ಲ. ನಾಲ್ಕಕ್ಕೆ ಸೈಡ್ ಹಿಡಿಸಿದೆ, ಅದರಲ್ಲಿ ಎರಡು ಈಗ ವಾರಕ್ಕೊಮ್ಮೆ ಬರುತ್ತವೆ. ಬಿಸ್ಕತ್ ಬಣ್ಣದ್ದರಲ್ಲಿ ಭುಜ ಸರಿ ಇದ್ದದ್ದು ಒಂದು, ಅದಕ್ಕೆ ಮನೆಯಲ್ಲೇ ನೀಲಿ ಬಣ್ಣ ಹಾಕಿದೆ. ಬಕೆಟ್ಟೂ ನೀಲಿ, ನನ್ನ ಉಗುರೂ ನೀಲಿ, ಟಾಪು ಮಾತ್ರ ಮೋಡದ ಬಣ್ಣ. ಇರಲಿ, ಚೆನ್ನಾಗಿದೆ.

ದೇವರಾಜ ಅರಸು ರಸ್ತೆಯಲ್ಲಿ ಎರಡು ಅಂಗಡಿ ಸುತ್ತಿ, ಹೊರಗೆ ನಿಂತು ನೂಲು ಸುಟ್ಟು ನೋಡಿ (ಸೆಕ್ಯೂರಿಟಿಯವರು ಗದರಿದರು), ಕಡು ನೀಲಿ ಕಾಟನ್ ಎರಡೂವರೆ ಮೀಟರ್ ತಂದೆ. ನೆನೆಹಾಕಿ ಒಣಗಿಸಿ, ನೀಲಿ ಕುರ್ತಾ ಅಳತೆಗೆ ಕೊಟ್ಟು ಆಫೀಸಿನ ಹತ್ತಿರವೇ ಹೊಲಿಸಿದೆ. ನಿನ್ನೆ ಬಂತು.

ಸೀರೆ ಬಿಚ್ಚಿ ಬೆಳಕಿಗೆ ಹಿಡಿದೆವು, ನಾನೊಂದು ತುದಿ ಅಮ್ಮ ಒಂದು ತುದಿ. ಎಲ್ಲೂ ಬಿರಿದಿಲ್ಲ. ಅಂಚಿನ ಒಂದು ಕಡೆ ಅರಿಶಿನದ ಕಲೆ ಇತ್ತು, ಅಮ್ಮ ಅದನ್ನು ಬೆರಳಲ್ಲಿ ಉಜ್ಜುತ್ತಾ ಸುಮಾರು ಹೊತ್ತು ಕೂತರು. ಆಮೇಲೆ ಅವರೇ ಚೂಡಿದಾರದ ಮಾತು ಎತ್ತಲಿಲ್ಲ. ಗೌರಿ ಹಬ್ಬಕ್ಕೆ ಉಟ್ಟರಾಯಿತು ಅಂದಿದ್ದೇನೆ. ಯಾರು ಉಡುವುದು ಅಂತ ಇನ್ನೂ ಜಗಳ ನಡೆದಿದೆ.

ಕತ್ತರಿ_ಕಾಜಾ:

ಒಳ್ಳೆಯದಾಯಿತಮ್ಮ. ಕುರ್ತಾದ ಜೇಬಿನ ಆಳ ಎಷ್ಟಿಟ್ಟರು?

ಮಂಡ್ಯ_ಮೆಮು:

ಈಗ ಅಳೆದೆ. ಐದೂವರೆ ಇಂಚು. ಫೋನು ಇಟ್ಟರೆ ತಲೆ ಆಚೆ.

ಕತ್ತರಿ_ಕಾಜಾ:

ನಾಳೆನೇ ವಾಪಸ್ ತಗೊಂಡು ಹೋಗಿ. ನಾಲ್ಕಾಣೆ ಜೇಬು ಅಂತ ಹೇಳಿದ್ದೆನೋ ಇಲ್ಲವೋ.